ಕಲ್ಲಿಗೆ ಬಳಿದ ಮಜ್ಜಿಗೆ

ಪಾತ್ರೆ ಅಂಗಡಿಯ ಯಜಮಾನರು ಶನಿವಾರ ಬೆಳಗ್ಗೆ ಪ್ರಾರ್ಥನೆ ಮುಗಿಸಿ, ಗಟ್ಟಿ ನಾರಿನ ಬ್ರಷ್ಷನ್ನೂ ಇಟ್ಟಿಗೆ ಪುಡಿಯನ್ನೂ ಚೀಲಕ್ಕೆ ಹಾಕಿಕೊಂಡು ಉದ್ಯಾನಕ್ಕೆ ಹೊರಟರು. ಹೆಂಡತಿ ತೀರಿಕೊಂಡ ಮೇಲೆ ಮನಸ್ಸಿಟ್ಟು ಮನೆಯಿಂದ ಹೊರಬಿದ್ದದ್ದು ಅಂದೇ ಮೊದಲು.

ನಗರದ ಆ ಉದ್ಯಾನದಲ್ಲಿ ಒಂದೊಂದು ದೇಶದ ರೀತಿಯಲ್ಲಿ ಒಂದೊಂದು ತೋಟ ಮಾಡಿದ್ದರು. ನೇರ ಕಾಲುವೆಗಳ ಪರ್ಷಿಯನ್ ತೋಟ, ಕಳ್ಳಿಗಿಡಗಳ ಮೆಕ್ಸಿಕನ್ ತೋಟ, ಅವನ್ನು ದಾಟಿದರೆ ಕೊಳದ ಪಕ್ಕದಲ್ಲಿ ಜಪಾನಿ ತೋಟ. ಇಷ್ಟವಿದ್ದವರು ಬಂದು ಸಂಬಳವಿಲ್ಲದೆ ಕೆಲಸ ಮಾಡಬಹುದಿತ್ತು. ಯಜಮಾನರ ಹೆಂಡತಿ ವರ್ಷಗಟ್ಟಲೆ ಜಪಾನಿ ತೋಟದ ಒಂದು ಕಲ್ಲಿನ ದೀಪಸ್ತಂಭವನ್ನು ನೋಡಿಕೊಂಡಿದ್ದರು. ಯಜಮಾನರು ಒಮ್ಮೆಯೂ ಅತ್ತ ಹೋದವರಲ್ಲ. ಅದು ಅಂಗಡಿ ಬಾಗಿಲು ತೆಗೆಯುವ ಹೊತ್ತು.

"ಪರದೇಶದ ಕಲ್ಲಿಗೆ ಉಪಚಾರ ಮಾಡೋಕೆ ಹೊರಟೆಯಾ? ಇಲ್ಲೊಂದು ಕಲ್ಲು ತಿಂಡಿಗೆ ಕಾದು ಕೂತಿದೆ," ಎಂದು ಕೆಣಕುತ್ತಿದ್ದರು.

"ಆ ಕಲ್ಲು ಗೊಣಗಲ್ಲ ರೀ," ಎನ್ನುತ್ತಾ ಆಕೆ ಚಪ್ಪಲಿ ಮೆಟ್ಟುತ್ತಿದ್ದರು.

ಈಗ, ಈ ಶನಿವಾರದ ಮರುದಿನ ಮಗಳು ಪರವೂರಿನಿಂದ ಬರುವವಳಿದ್ದಳು. "ಅಮ್ಮನ ಕಲ್ಲು ನೋಡ್ಬೇಕಪ್ಪ. ಅವಳ ಕೈಕೆಲಸ ಅಂತ ಉಳಿದಿರೋದು ಅದೊಂದೇ," ಎಂದು ಫೋನಿನಲ್ಲಿ ಹೇಳಿದ್ದಳು.

ಗೇಟಿನ ಕಾವಲುಗಾರನನ್ನು ಕೇಳಿ ಆ ಕಲ್ಲನ್ನು ಹುಡುಕಿ ಹೋದ ಯಜಮಾನರು ಅದನ್ನು ಕಂಡು ನಿಂತುಬಿಟ್ಟರು. ಬುಡದಿಂದ ತುದಿಯವರೆಗೆ ಪಾಚಿ. ಅವಳು ಹೋದದ್ದೇ ತಡ, ಕೇಳುವವರೇ ಇಲ್ಲವಾಯಿತಲ್ಲ ಎಂದುಕೊಂಡು ಚೀಲ ಬಿಚ್ಚಿದರು. ಕಿಲುಬು ಹಿಡಿದ ಹಂಡೆಯನ್ನು ಕನ್ನಡಿ ಮಾಡಿ ಮಾರಿದ ಕೈ ಅದು. ಅಂಗಿಯ ತೋಳು ಮಡಿಸಿ, ದೇವರ ನಾಮ ಹೇಳುತ್ತಾ ಉಜ್ಜಿದರು. ಮೂಲೆ ಸಂದುಗಳನ್ನು ಕಡ್ಡಿಯಿಂದ ಕೆರೆದರು. ಕೊಳದ ನೀರು ಸುರಿದಾಗ ಕಲ್ಲು ಬೋಳಿಸಿದ ತಲೆಯ ಹಾಗೆ ಬೆಳ್ಳಗೆ ಹೊರಬಂತು. ಸತ್ತವಳಿಗೆ ಕೊನೆಗೂ ಒಂದು ಸೇವೆ ಸಂದಿತೆಂದು ಅವರ ಕಣ್ಣು ತುಂಬಿತು.

ಅಷ್ಟರಲ್ಲಿ ತೋಟಗಾರ ಹೆಂಗಸು ನೀರಿನ ಡಬ್ಬ ಹಿಡಿದು ಬಂದಳು. ಡಬ್ಬ ಕೈಯಿಂದ ಜಾರಿತು.

"ಅಯ್ಯಯ್ಯೋ! ಏನ್ ಮಾಡ್ಬಿಟ್ರಿ ಯಜಮಾನ್ರೇ?"

"ತೊಳೆದೆ ಕಣಮ್ಮಾ, ನನ್ನ ಹೆಂಡತಿ ನೋಡ್ಕೊಳ್ತಿದ್ದ ಕಲ್ಲು. ನೀವಂತೂ ಯಾರೂ ಮುಟ್ಟಿಲ್ಲವಲ್ಲ."

"ಮುಟ್ಟಬಾರದು ಅಂತಾನೇ ಮುಟ್ಟಿಲ್ಲ! ಈ ತೋಟಕ್ಕೆ ಪಾಚಿನೇ ಹೂವು. ಅಮ್ಮ ಮನೆಯಿಂದ ಮಜ್ಜಿಗೆ ತಂದು ಬಳಿದು ಬಳಿದು, ಬಿಸಿಲಿಗೆ ಒದ್ದೆ ಬಟ್ಟೆ ಹೊದಿಸಿ ಬೆಳೆಸಿದ್ದು. ನಮ್ಮ ಕೈಗೆ ಬರಲಿಲ್ಲ, ಅವರ ಕೈಗೆ ಬಂತು."

ಮಜ್ಜಿಗೆ! ಊಟಕ್ಕೆ ಕೂತು, "ಇದೇನು ಮಜ್ಜಿಗೆಯೋ, ಲೋಟ ತೊಳೆದ ನೀರೋ?" ಎಂದು ಎಷ್ಟು ಸಲ ರೇಗಿದ್ದರು! ಆಕೆ ಉಪ್ಪು ಮುಂದಿಡುತ್ತಿದ್ದರು. ಯಜಮಾನರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಆದರೆ ಬಾಯಿಂದ ಬಂದ ಮಾತು ಬೇರೆ. "ನಾಳೆ ಮಗಳು ಬರ್ತಾಳಮ್ಮಾ. ಯಾರೋ ಪುಂಡರು ಕೆರೆದು ಹಾಕಿದ್ರು ಅಂತ ಹೇಳ್ತೀಯಾ?"

ಹೆಂಗಸು ಬಗ್ಗಿ ಡಬ್ಬ ಎತ್ತಿಕೊಂಡು, ಅವರ ಮುಖ ನೋಡದೆ, "ಹೂಂ," ಎಂದಳು.

ಭಾನುವಾರ ಬೆಳಗಿನ ಪ್ರಾರ್ಥನೆಯಲ್ಲಿ ಯಜಮಾನರಿಗೆ ನಾಲಗೆ ಏಳಲಿಲ್ಲ. ಮಗಳು ಬಂದಳು. ಕಲ್ಲಿನ ಮುಂದೆ ನಿಂತವಳು ಮೆಲ್ಲನೆ ಅದರ ಮೇಲೆ ಕೈಯಾಡಿಸಿದಳು.

"ಯಾರು ಮಾಡಿದ್ದು ಇದನ್ನ?"

"ಯಾರೋ ಪುಂಡರು..." ಎಂದು ತೋಟಗಾರ ಹೆಂಗಸು ನೆಲ ನೋಡುತ್ತಾ ಶುರುಮಾಡಿದಳು. ತನ್ನ ಸುಳ್ಳನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಯಜಮಾನರಿಂದ ಆಗಲಿಲ್ಲ.

"ಬೇಡಮ್ಮಾ, ಬಿಡು. ಪುಂಡ ನಾನೇ, ಮಗಳೇ. ಕೊಳೆ ಅಂದ್ಕೊಂಡೆ."

ಮಗಳು ತಂದೆಯ ಕೈ ಹಿಡಿದು ನೋಡಿದಳು. ಉಗುರಿನ ಸಂದಿಯಲ್ಲಿ ಇಟ್ಟಿಗೆಯ ಕೆಂಪು ಇನ್ನೂ ಇತ್ತು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಅಪ್ಪನ್ನೂ ಕರ್ಕೊಂಡು ಹೋಗಮ್ಮ ಅಂತ ಎಷ್ಟು ಸಲ ಹೇಳಿದ್ದೆ. 'ಬೇಡ ಕಣೇ, ಬಂದ್ರೆ ಉಜ್ಜಿಬಿಡ್ತಾರೆ' ಅಂತಿದ್ಲು."

ಅಷ್ಟು ವರ್ಷ ದಿನವೂ ತಟ್ಟೆಗೆ ಬಡಿಸಿದವಳು ತನ್ನನ್ನು ಅಷ್ಟು ಚೆನ್ನಾಗಿ ಅರಿತಿದ್ದಳು. ತಾನೋ, ಅವಳ ಮಜ್ಜಿಗೆ ಎಲ್ಲಿ ಹೋಗುತ್ತದೆಂದೂ ಕೇಳಿದವನಲ್ಲ. ಯಜಮಾನರು ಹೆಗಲ ಮೇಲಿನ ಟವೆಲನ್ನು ಕೊಳದಲ್ಲಿ ಅದ್ದಿ ತಂದು, ಬಿಸಿಲು ಬೀಳುತ್ತಿದ್ದ ಬೋಳು ಕಲ್ಲಿಗೆ ಹೊದಿಸಿದರು.