ದಿವಂಗತ ಸಂಸ್ಥಾಪಕರ ತಪಾಸಣೆ

ತಕ್ಕಡಿಯಪ್ಪನವರು ತಾವು ತೀರಿಕೊಂಡ ಸುದ್ದಿಯನ್ನು ಒಂದು ಬೀರ್ ಲೇಬಲ್ಲಿನಲ್ಲಿ ಓದಿ ತಿಳಿದುಕೊಂಡರು.

ಬೆಳಗಿನ ಕಾಫಿ ಇನ್ನೂ ಅರ್ಧ ಲೋಟ ಉಳಿದಿತ್ತು. ಮಗಳು, ಅಳಿಯ ಬಂದು ಮೇಜಿನ ಮೇಲೆ ಒಂದು ಹಾಳೆ ಇಟ್ಟು, ಏನೂ ಗೊತ್ತಿಲ್ಲದವರ ಹಾಗೆ ಕಿಟಕಿಯ ಹತ್ತಿರ ನಿಂತಿದ್ದರು. ಹೊಗೆ ಹಿಡಿದ ಗೋಡೆಯ ಬಣ್ಣದ ಲೇಬಲ್ಲು. ನಡುವೆ ಮೊಟ್ಟೆಯಾಕಾರದ ಚೌಕಟ್ಟು, ಅದರೊಳಗೆ ಅವರದೇ ಮುಖ, ಅವರದೇ ಮೀಸೆ, ಅವರು ಜನ್ಮದಲ್ಲಿ ಹಾಕದ ಗಟ್ಟಿ ಕಾಲರಿನ ಕೋಟು. ಕೆಳಗೆ ‘ಸಂಸ್ಥಾಪಕರು, ದಿವಂಗತ’. ಎರಡೂ ಪಕ್ಕಕ್ಕೆ ಚಿನ್ನದ ಪದಕಗಳು. ಮತ್ತೂ ಕೆಳಗೆ ‘ಸ್ಥಾಪನೆ ೧೮೯೩’, ‘ಮುತ್ತಜ್ಜನ ಗುಟ್ಟಿನ ಪಾಕ’.

“ಏ, ಇಲ್ಲಿ ಬಾರೇ,” ಎಂದು ಹೆಂಡತಿಯನ್ನು ಕೂಗಿದರು. “ನಾನು ಹೋಗಿ ಎಷ್ಟು ದಿನ ಆಯ್ತು?”

ಹೆಂಡತಿ ಕನ್ನಡಕ ಏರಿಸಿ ಹಾಳೆಯನ್ನು ಚೆನ್ನಾಗಿ ನೋಡಿದರು. “ಫೋಟೋ ಲಕ್ಷಣವಾಗಿ ಬಂದಿದೆ ರೀ. ಬದುಕಿದ್ದಾಗ ನಿಮ್ದು ಒಂದೂ ಹೀಗೆ ಬರ್ಲಿಲ್ಲ.”

ತಕ್ಕಡಿಯಪ್ಪ ಎಂಬುದು ಯಾರೂ ಪ್ರೀತಿಯಿಂದ ಇಟ್ಟ ಹೆಸರಲ್ಲ. ಅಂಗಡಿಗಳಿಗೆ ನುಗ್ಗಿ ತಕ್ಕಡಿ, ಬಟ್ಟು, ಲೀಟರು, ಪೊಟ್ಟಣದ ಮೇಲಿನ ಚೀಟಿ ಎಲ್ಲವನ್ನೂ ಪರೀಕ್ಷಿಸುವ ಸರ್ಕಾರಿ ಇನ್‌ಸ್ಪೆಕ್ಟರ್ ಆಗಿ ಅವರು ಮೂವತ್ತನಾಲ್ಕು ವರ್ಷ ದುಡಿದಿದ್ದರು. ಬೀದಿಯ ತಿರುವಿನಲ್ಲಿ ಅವರ ಮೀಸೆ ಕಂಡರೆ ಸಾಕು, ಅರ್ಧ ತಕ್ಕಡಿಗಳು ತಾವಾಗಿಯೇ ಸರಿಯಾಗುತ್ತಿದ್ದವು. ಮನೆಯಲ್ಲೂ ಅದೇ ಕಥೆ. ಮಗಳು ಐದನೇ ತರಗತಿಯಲ್ಲಿ ತಂದ ಅಂಕಪಟ್ಟಿಯನ್ನು ಕೂಡಿ ನೋಡಿ, ಎರಡು ಅಂಕ ಹೆಚ್ಚಿಗೆ ಬಿದ್ದಿದೆ ಎಂದು ಕಂಡುಹಿಡಿದು, ಖುದ್ದಾಗಿ ಶಾಲೆಗೆ ಹೋಗಿ ವಾಪಸು ಕೊಟ್ಟು ಬಂದಿದ್ದರು. ಹುಡುಗಿ ಒಂದು ವಾರ ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

ಈಗ ಆ ಹುಡುಗಿ ಬೀರ್ ಮಾಡುತ್ತಾಳೆ. ಹಳೇ ಟೈರಿಗೆ ಹೊಸ ರಬ್ಬರು ಹಾಕುತ್ತಿದ್ದ ಶೆಡ್ಡೊಂದರಲ್ಲಿ ನಾಲ್ಕು ಉಕ್ಕಿನ ಹಂಡೆ ಇಟ್ಟುಕೊಂಡು, ಗಂಡನ ಜೊತೆ ಸೇರಿ ಸ್ವಲ್ಪ ಸ್ವಲ್ಪವಾಗಿ. ಹದಿನೈದು ತಿಂಗಳಾಗಿತ್ತು. ತಕ್ಕಡಿಯಪ್ಪನವರು ಆ ಶೆಡ್ಡಿನ ಹೊಸ್ತಿಲು ತುಳಿದಿರಲಿಲ್ಲ. ಬೀರ್ ಎಂದು ಬೇಸರವಲ್ಲ. ತಾವು ಕುಡಿಯುವವರಲ್ಲ, ಕುಡಿಯುವವರ ತಂಟೆಗೆ ಹೋಗುವವರೂ ಅಲ್ಲ. ಅವರಿಗಿದ್ದದ್ದು ಭಯ. ಹುಟ್ಟುಗುಣ ಸುಟ್ಟರೂ ಹೋಗದು. ಒಳಗೆ ಕಾಲಿಟ್ಟರೆ ಕೈ ಸುಮ್ಮನಿರುವುದಿಲ್ಲ, ಅಳೆದೇ ಅಳೆಯುತ್ತದೆ. ಅಳೆದಾಗ ಸ್ವಂತ ಮಗಳ ಮಾಲಿನಲ್ಲೇ ಕಡಿಮೆ ಬಿದ್ದರೆ? ಆ ಮಾತನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

“ಏನಿದು?” ಎಂದರು, ಕಿಟಕಿಯ ಕಡೆ ತಿರುಗಿ.

ಅಳಿಯ ವಿವರಿಸತೊಡಗಿದ. ಗಂಡ ಹೆಂಡಿರ ಬೀರಿನ ಹಳೆಯ ಲೇಬಲ್ಲಿನಲ್ಲಿ ಮೂರು ತ್ರಿಕೋನಗಳಿದ್ದವು, ಅಷ್ಟೇ. ಆದರೆ ಈಗ ಹಳೇ ಕಾಲದ ಲೇಬಲ್ಲಿನ ಗಾಳಿ ಬೀಸಿತ್ತು. ನಿನ್ನೆ ಮೊನ್ನೆ ಶುರುವಾದ ಬೀರುಗಳೆಲ್ಲ ಕಂದು ಕಾಗದ ಹೊದ್ದು, ಬಳ್ಳಿ ಬಳ್ಳಿ ಅಕ್ಷರ ತೊಟ್ಟು, ಒಬ್ಬೊಬ್ಬ ಮೀಸೆಯ ಮುದುಕನನ್ನು ಎದೆಗೆ ಅಂಟಿಸಿಕೊಂಡು ನಿಂತಿದ್ದವು. ಇವರ ಬಾಟಲಿ ಇಡುತ್ತಿದ್ದ ಒಂದೇ ಒಂದು ದೊಡ್ಡ ಅಂಗಡಿಯ ಯಜಮಾನ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: “ಸೋಮವಾರದೊಳಗೆ ಮೀಸೆ ತನ್ನಿ, ಇಲ್ಲದಿದ್ರೆ ಬಾಟಲಿ ತಗೊಂಡ್ಹೋಗಿ.”

“ಅವನು ಬೇಡ ಅಂದ್ರೆ ಶೆಡ್ಡಿಗೆ ಬೀಗ, ಮಾವ. ಇವತ್ತು ಸಂಜೆಯೊಳಗೆ ಅಚ್ಚಿಗೆ ಕೊಡ್ಬೇಕು.”

“೧೮೯೩ ಯಾಕೆ?”

“ಲೇಬಲ್ ಬರೆದ ಚಿತ್ರಗಾರನಿಗೆ ಒಂಬತ್ತು ಚೆನ್ನಾಗಿ ಬರೆಯೋಕೆ ಬರುತ್ತಂತೆ.”

“ಪದಕ?”

“ಅದು ನಿಜ ಮಾವ. ನನಗೇ ಬಂದಿದ್ದು.” ಅಳಿಯ ನೆಲ ನೋಡಿದ. “ಈಜಿನಲ್ಲಿ.”

ತಕ್ಕಡಿಯಪ್ಪನವರು ಕೆಂಪು ಪೆನ್ನು ತೆಗೆದರು. ೧೮೯೩ ಹೋಯಿತು. ಪದಕಗಳು ಹೋದವು. ಮುತ್ತಜ್ಜನೂ ಅವನ ಗುಟ್ಟೂ ಹೋದವು. ‘ಸಂಸ್ಥಾಪಕರು’ ಎಂಬುದರ ಮೇಲೆ ಒಂದು ಗೆರೆ, ‘ದಿವಂಗತ’ದ ಮೇಲೆ ಎರಡು. “ಅದನ್ನ ಆಮೇಲೆ ಹಾಕ್ಕೋಬಹುದು,” ಎಂದರು.

“ಅಪ್ಪಾ, ಎಲ್ಲರೂ ಹೀಗೇ ಹಾಕ್ತಾರೆ,” ಎಂದಳು ಮಗಳು.

“ಎಲ್ಲರ ಬಾಟಲಿ ಮೇಲೆ ನನ್ನ ಮುಖ ಇಲ್ಲ. ಮುಖ ಬೇಕು ಅಂದ್ರೆ ಕೊಡ್ತೀನಿ. ಆದ್ರೆ ಅದರ ಕೆಳಗೆ ಒಂದು ಅಕ್ಷರ ಸುಳ್ಳಿದ್ರೂ ಕೊಡೋಲ್ಲ.”

ಹಾಳೆಯ ಮೇಲೆ ಉಳಿದದ್ದು ಇಷ್ಟು: ಮುಖ, ‘ಬೀರ್’, ಮತ್ತು ಮೂಲೆಯಲ್ಲಿ ‘೩೩೦ ಮಿ.ಲೀ.’ ಅಳಿಯ ಹಾಳೆ ಮಡಚಲು ಕೈ ಚಾಚಿದ. ತಕ್ಕಡಿಯಪ್ಪನವರ ಬೆರಳು ಮೂಲೆಯ ಮೇಲೆ ಕೂತಿತು. ಅವರಿಗೇ ಬೇಡವಾಗಿತ್ತು, ಆದರೆ ಬಾಯಿ ಕೇಳಲಿಲ್ಲ.

“ಇದನ್ನ ಯಾರು ಅಳೆದಿದ್ದಾರೆ?”

ಹೀಗೆ ಅವರು ಹದಿನೈದು ತಿಂಗಳ ಮೇಲೆ, ಅಳತೆಯ ಗಾಜಿನ ಜಾಡಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮಗಳ ಶೆಡ್ಡಿಗೆ ಬಂದರು. ತಮಾಷೆ ನೋಡಲು ಹೆಂಡತಿಯೂ ಬಂದರು. ಒಳಗೆ ಹುರಿದ ಧಾನ್ಯದ ವಾಸನೆ, ತೊಳೆದ ನೆಲ, ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಅಳಿಯ ಮುಂದಿನ ಪೆಟ್ಟಿಗೆ ಎತ್ತಿಕೊಟ್ಟ. ತಕ್ಕಡಿಯಪ್ಪನವರು ಅದನ್ನು ಪಕ್ಕಕ್ಕಿಟ್ಟರು. ಒಳ್ಳೆಯದನ್ನು ಮುಂದಿಟ್ಟು ಕೊರತೆಯದ್ದನ್ನು ಹಿಂದಿಡುವವರನ್ನು ಅವರು ಎಷ್ಟು ನೋಡಿರಲಿಲ್ಲ! ಅಲ್ಲೊಂದು ಇಲ್ಲೊಂದು, ತೀರಾ ಹಿಂದಿನಿಂದ, ತೀರಾ ಕೆಳಗಿನಿಂದ, ಹನ್ನೆರಡು ಬಾಟಲಿ ಆರಿಸಿದರು.

ಬೀರ್ ಅಳೆಯುವುದು ಎಣ್ಣೆ ಅಳೆದಷ್ಟು ಸುಲಭವಲ್ಲ. ಜಾಡಿಯ ಗೋಡೆಗೆ ತಾಗಿಸಿ ನಿಧಾನವಾಗಿ ಸುರಿಯಬೇಕು, ನೊರೆ ಇಳಿಯುವವರೆಗೆ ಕಾಯಬೇಕು. ಇನ್‌ಸ್ಪೆಕ್ಟರ್ ಬಂದಿದ್ದಾರೆಂದು ನೊರೆಗೆ ಯಾರು ಹೇಳಬೇಕು? ಅದು ತನ್ನ ಪಾಡಿಗೆ ತಾನು ಇಳಿಯಿತು. ಅಳಿಯ ಗಡಿಯಾರ ನೋಡುತ್ತಿದ್ದ. ಮಗಳು ಕೈ ಕಟ್ಟಿಕೊಂಡು ನಿಂತಿದ್ದಳು, ಅಂಕಪಟ್ಟಿಯ ದಿನ ನಿಂತ ಹಾಗೇ. ಅದು ತಕ್ಕಡಿಯಪ್ಪನವರ ಕಣ್ಣಿಗೆ ಬಿತ್ತು. ದೇವರೇ, ಒಂದು ಹನಿಯೂ ಕಡಿಮೆ ಇಲ್ಲದಿರಲಿ ಎಂದು ನೌಕರಿಯಲ್ಲಿ ಎಂದೂ ಬೇಡದವರು ಈಗ ಬೇಡಿಕೊಂಡರು.

ಮೊದಲನೆಯದು ಮುನ್ನೂರ ಮೂವತ್ತಾರು. ಅವರು ಬಗ್ಗಿ ಮತ್ತೆ ನೋಡಿದರು. ಎರಡನೆಯದು ಮುನ್ನೂರ ಮೂವತ್ತೈದು. ಮೂರನೆಯದು ಮತ್ತೆ ಮೂವತ್ತಾರು.

“ಚೆಲ್ಲೋದ್ಯಾಕೆ?” ಎಂದು ಹೆಂಡತಿ ಅಳೆದದ್ದನ್ನು ಲೋಟಕ್ಕೆ ಬಗ್ಗಿಸಿಕೊಂಡರು. ಒಂದು ಗುಟುಕು ಕುಡಿದು ಮುಖ ಕಿವುಚಿದರು. “ಥೂ, ಕಹಿ,” ಎಂದರು. ಲೋಟ ಮಾತ್ರ ಕೆಳಗಿಡಲಿಲ್ಲ.

ಹನ್ನೆರಡೂ ಮುಗಿದವು. ಮುನ್ನೂರ ಮೂವತ್ತನಾಲ್ಕಕ್ಕಿಂತ ಕೆಳಗೆ ಒಂದೂ ಇರಲಿಲ್ಲ. ತಕ್ಕಡಿಯಪ್ಪನವರು ತಮ್ಮ ಜಾಡಿಯನ್ನೇ ಅನುಮಾನದಿಂದ ನೋಡಿದರು.

“ಎಲ್ಲದರಲ್ಲೂ ಹೆಚ್ಚಿದೆ,” ಎಂದರು, ತಪ್ಪು ಹಿಡಿದವರ ದನಿಯಲ್ಲಿ. ಅವರಿಗೆ ಬೇರೆ ದನಿ ಗೊತ್ತಿರಲಿಲ್ಲ. “ತುಂಬೋ ಯಂತ್ರ ಕೆಟ್ಟಿದೆಯಾ?”

“ಯಂತ್ರ ಎಲ್ಲಿಂದ ಬರ್ಬೇಕು ಮಾವ, ಎಲ್ಲಾ ಅವಳೇ ಕೈಯಲ್ಲಿ ತುಂಬೋದು. ನನ್ನನ್ನ ಮುಟ್ಟೋಕೂ ಬಿಡೋಲ್ಲ.”

“ನೀವು ಬಂದು ಅಳೀತೀರಿ ಅಂತ,” ಎಂದಳು ಮಗಳು. “ಒಂದೊಂದು ಬಾಟಲಿ ತುಂಬೋವಾಗ್ಲೂ, ಇವತ್ತಲ್ಲ ನಾಳೆ ಅಪ್ಪ ಬರ್ತಾರೆ, ಕಮ್ಮಿ ಬೀಳಬಾರದು ಅಂತ ಒಂದು ಚೂರು ಮೇಲೇ ಬಿಡ್ತೀನಿ.” ಅವಳು ಖಾಲಿ ಬಾಟಲಿಗಳನ್ನು ಸಾಲಾಗಿ ಜೋಡಿಸತೊಡಗಿದಳು. “ನೀವೋ, ಬರ್ಲೇ ಇಲ್ಲ.”

ತಕ್ಕಡಿಯಪ್ಪನವರಿಗೆ ನಾಚಿಕೆಯಾಯಿತು. ಸಾವಿರಾರು ಅಂಗಡಿಗಳಿಗೆ ಕರೆಯದೆ ನುಗ್ಗಿದ ಮನುಷ್ಯ, ತನಗಾಗಿ ಕಾಯುತ್ತಿದ್ದ ಒಂದೇ ಬಾಗಿಲಿಗೆ ಹೋಗಿರಲಿಲ್ಲ. ಜಾಡಿ ಒರೆಸುವ ನೆಪದಲ್ಲಿ ಅವರು ಬಹಳ ಹೊತ್ತು ಟವೆಲ್ಲು ತಿಕ್ಕಿದರು.

ಅಳಿಯನಿಗೆ ಮಾತ್ರ ಹೊಸ ಚಿಂತೆ ಹತ್ತಿತು. “ಹಾಗಾದ್ರೆ ಮುನ್ನೂರ ಮೂವತ್ತು ಅನ್ನೋದೂ ಸುಳ್ಳಾಯ್ತಲ್ಲ ಮಾವ! ಈಗ ಒಂದೊಂದು ಬಾಟಲಿಗೆ ಒಂದೊಂದು ಅಂಕಿ ಹಾಕಿಸ್ತಾ ಕೂತ್ರೆ ಅಚ್ಚಿನವನು ಬಾಗಿಲು ಹಾಕ್ಕೊಂಡು ಹೋಗ್ತಾನೆ.”

ಮೂವರೂ ಅವರ ಮುಖ ನೋಡಿದರು. ಆಡಿದ ಮಾತು ಆಡಿದ್ದೇ ಎಂಬುದು ಮೂವರಿಗೂ ಗೊತ್ತಿತ್ತು. ತಕ್ಕಡಿಯಪ್ಪನವರು ಹಾಳೆ ಬಿಚ್ಚಿ ಮೂಲೆಯ ಆ ಮೂರು ಅಂಕಿಗಳನ್ನು ಓದಿದರು.

“ಸುಳ್ಳೇ,” ಎಂದರು. “ಇರ್ಲಿ ಬಿಡಿ. ಓಡಿ, ಅಚ್ಚಿಗೆ ಕೊಡಿ.”

ಅಳಿಯ ಹಾಳೆ ಕಿತ್ತುಕೊಂಡು ಓಡಿದ. ಅವನು ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಮಾವನ ಕೂಗು ಕೇಳಿಸಿತು.

“ಅಳಿಯಂದ್ರೇ, ಮುಖದ ಕೆಳಗೆ ಜಾಗ ಖಾಲಿ ಇದೆಯಲ್ಲ, ಅಲ್ಲಿ ‘ಮಾಡಿದವಳ ಅಪ್ಪ’ ಅಂತ ಹಾಕ್ಸಿ. ದೊಡ್ಡ ಅಕ್ಷರದಲ್ಲಿ!”