ಆರನೆಯ ಹೆಗಲು

ಫ್ರೀಡೊ ಲೇನಿಕ್ ಬೂಟಿಗೆ ಕಪ್ಪು ಪಾಲಿಶ್ ತಿಕ್ಕುತ್ತಿದ್ದ. ಹೋಗುವುದಿಲ್ಲ ಎಂದು ಹೇಳುತ್ತಲೇ ತಿಕ್ಕುತ್ತಿದ್ದ. ಮೇಜಿನ ಆಚೆ ಬದಿಗೆ ಹಾನ್ಕಾ ಮುದುಕಿ ಕೂತಿದ್ದಳು. ನಡುವೆ ಒಂದು ರೋಸ್‌ಮೇರಿ ಕಡ್ಡಿ. ಊರಲ್ಲಿ ಸಾವಾದರೆ ಮನೆಮನೆಗೆ ಹೋಗಿ ಹೆಗಲು ಕೇಳುವವಳು ಅವಳೇ. ಕಡ್ಡಿಯನ್ನು ಕೋಟಿಗೆ ಚುಚ್ಚಿಕೊಂಡವನು ಪೆಟ್ಟಿಗೆ ಹೊರಬೇಕು. ಐದು ಕಡ್ಡಿ ಹೋಗಿದ್ದವು, ಇದೊಂದು ಉಳಿದಿತ್ತು.

"ಹನ್ನೊಂದಕ್ಕೆ ಸರ್ಕಾರದ ಗಾಡಿ ಬರ್ತದೆ," ಅಂದಳು ಹಾನ್ಕಾ. "ಆರು ಜನ ಆಗದಿದ್ರೆ ಟೀಲೆ ಪಾದ್ರೀನ ಪೋಟ್ಸ್‌ಡಾಮಿಗೇ ತಗೊಂಡ್ಹೋಗಿ ಅಂತ ಪಾದ್ರಿಯಮ್ಮ ಒಪ್ಪಿದ್ದಾರೆ. ರಾಜ್ಯದ ರಾಜಧಾನೀಲಿ ದೊಡ್ಡೋರ ಗೋರಿ ಸಾಲಲ್ಲಿ ಜಾಗ ಇಟ್ಟಿದ್ದಾರಂತೆ."

"ಹೋಗ್ಲಿ ಬಿಡು. ಬದುಕಿದ್ದಾಗ್ಲೂ ಅಲ್ಲೇ ಇದ್ದ."

ಒಲೆಯ ಹತ್ತಿರ ನಿಂತಿದ್ದ ಹೆಂಡತಿ ತಿರುಗದೆಯೇ ಅಂದಳು: "ಹೋಗದೇ ಇರೋನಿಗೆ ಬೂಟು ಯಾಕಪ್ಪ ಮಿಂಚಬೇಕು?"

ಗೋಡೆ ಹಂಚಿಕೊಂಡ ನೆರೆಯವನು ತಲೆಯ ಕಡೆ ಹೊರಬೇಕೆಂಬುದು ಹಿರಿಯರ ಕಾಲದ ಕಟ್ಟಳೆ. ಲೇನಿಕ್‌ರ ಮನೆಗೂ ಪಾದ್ರಿಯ ಮನೆಗೂ ಒಂದೇ ಗೋಡೆ ಇತ್ತು, ಹಳೆಯ ಕ್ರಾನೋದಲ್ಲಿ. ಅದು ಇದ್ದಲ್ಲಿ ಈಗ ಕಲ್ಲಿದ್ದಲ ಗಣಿಯ ಗುಂಡಿ. ಹೊಸ ಕ್ರಾನೋದ ಮನೆಗಳೆಲ್ಲ ಒಂದೇ ವಯಸ್ಸಿನವು, ಆರು ವರ್ಷ. ತೆಂಕಣ ಗಾಳಿ ಬೀಸಿದರೆ ಗಣಿಯ ಯಂತ್ರಗಳು ಅಡುಗೆಮನೆಯೊಳಗೇ ಗುರುಗುಟ್ಟುತ್ತಿದ್ದವು. ಇಂದು ತೆಂಕಣ ಗಾಳಿ.

*

ಎಕ್‌ಹಾರ್ಟ್ ಟೀಲೆ ಆಗ ಬರೀ ಪಾದ್ರಿ. ಬರ್ಲಿನ್ನಿನ ಗೋಡೆ ಬೀಳುವ ಮುಂಚಿನ ತಿಂಗಳು, ಇಗರ್ಜಿಯ ಮುಂದೆ ಪೊಲೀಸರು ನಾಯಿಗಳನ್ನು ಹಿಡಿದು ನಿಂತಿದ್ದರು. ಪಾದ್ರಿ ಒಂದು ಕೈಯಲ್ಲಿ ಮೇಣದಬತ್ತಿ, ಇನ್ನೊಂದರಲ್ಲಿ ಫ್ರೀಡೊನ ತೋಳು ಹಿಡಿದು ಮೆಟ್ಟಿಲಿಳಿದ. ದನಿ ನಡುಗಲಿಲ್ಲ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ನಾಯಿಗಳು ಕೂಡ ಕೂತುಬಿಟ್ಟಿದ್ದವು.

ಆ ದನಿಯೇ ಅವನನ್ನು ಶಾಸನಸಭೆಗೆ ಕರೆದೊಯ್ದಿತು, ಆಮೇಲೆ ಮಂತ್ರಿಯ ಕುರ್ಚಿಗೆ. ಕ್ರಾನೋ ಇಡೀ ಅವನಿಗೇ ಓಟು ಹಾಕಿತು. ಊರನ್ನು ಗಣಿಗೆ ಬಿಟ್ಟುಕೊಡುವ ಕಾಯಿದೆ ಬಂದ ದಿನ ಫ್ರೀಡೊ ಸಭೆಯ ಮೇಲಂತಸ್ತಿನಲ್ಲಿ ಕೂತು ನೋಡಿದ. ಟೀಲೆ ಪರವಾಗಿ ಕೈ ಎತ್ತಿದ. ಪೂರ್ತಿ ಎತ್ತಲಿಲ್ಲ, ಮಗುವಿನ ತಲೆಯ ಮೇಲಿಟ್ಟು ಹರಸುವಷ್ಟೇ ಎತ್ತರಕ್ಕೆ.

ಸಂಜೆ ಅವನೇ ಊರಿಗೆ ಬಂದು ಬಲಿಪೀಠದ ಮುಂದೆ ನಿಂತ. ಗಣಿಯಲ್ಲಿ ದುಡಿಯುವ ನಾಲ್ಕು ಸಾವಿರ ಸಂಸಾರಗಳ ಅನ್ನದ ಮಾತಾಡಿದ. ಕೊನೆಗೆ ಅವನು ಹೇಳಿದ್ದು ಇಷ್ಟು:

"ಹೊಸ ಊರನ್ನ ಯಾರೂ ಮುಟ್ಟಲ್ಲ. ಕಾಗದ ನಂಬಬೇಡಿ, ನನ್ನನ್ನೇ ಒತ್ತೆ ಇಟ್ಕೊಳ್ಳಿ. ಸತ್ತಾಗ ನನ್ನನ್ನ ಅಲ್ಲೇ ಹೂಳಿ. ಅಗೆಯೋರು ನನ್ನ ಮೇಲೆ ಹಾದು ಬರಬೇಕಾಗ್ತದೆ."

ಅಂದಿನಿಂದ ಹದಿಮೂರು ವರ್ಷ ಫ್ರೀಡೊ ಅವನೊಡನೆ ಮಾತಾಡಲಿಲ್ಲ, ಪ್ರಾರ್ಥನೆಗೆ ಆಮೆನ್ನೂ ಅನ್ನಲಿಲ್ಲ. ಏಳು ವರ್ಷದ ಮೇಲೆ ಅಪ್ಪನ ಎಲುಬುಗಳನ್ನು ಹೊಸ ಸ್ಮಶಾನಕ್ಕೆ ತಂದಾಗ ಟೀಲೆಯೇ ಬಂದು ಪ್ರಾರ್ಥಿಸಿದ. ಆಗಲೂ ಫ್ರೀಡೊ ಆಮೆನ್ ಅನ್ನಲಿಲ್ಲ.

*

ಹಾನ್ಕಾ ಕಡ್ಡಿಯನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಫ್ರೀಡೊ ಅದರ ಮೇಲೆ ತನ್ನ ಕೈಯಿಟ್ಟ.

"ಕ್ಷಮಿಸಿದ್ಯೇನೋ?"

"ಇಲ್ಲ. ಒತ್ತೆ ಇಟ್ಟ ಸಾಮಾನನ್ನ ಪೋಟ್ಸ್‌ಡಾಮಿಗೆ ಯಾಕೆ ಬಿಡ್ಲಿ?"

ಹೆಂಡತಿ ಅವನ ಕೋಟಿಗೆ ಕಡ್ಡಿ ಚುಚ್ಚಿದಳು.

ಪಾದ್ರಿಯ ಮನೆಯ ಮುಂದೆ ಸರ್ಕಾರದ ಕಪ್ಪು ಗಾಡಿ ಆಗಲೇ ಬಂದು ನಿಂತಿತ್ತು. ಅಧಿಕಾರಿಗಳಿಬ್ಬರು ಗಾಲಿಯಷ್ಟು ದೊಡ್ಡ ಹೂಚಕ್ರ ಹಿಡಿದು ಗಡಿಯಾರ ನೋಡುತ್ತಿದ್ದರು. ಆರನೆಯ ಕಡ್ಡಿ ಕಂಡದ್ದೇ ಅವರಲ್ಲೊಬ್ಬ ಡ್ರೈವರನ ಕಡೆಗೆ ತಲೆಯಾಡಿಸಿದ. ಗಾಡಿಯ ಹಿಂಬಾಗಿಲು ಮುಚ್ಚಿಕೊಂಡಿತು.

"ನೀನು ಬರಲ್ಲ ಅಂದ್ಕೊಂಡಿದ್ದೆ, ಫ್ರೀಡೊ," ಅಂದರು ಪಾದ್ರಿಯ ಹೆಂಡತಿ ಡೋರ್ಟೆ.

"ನಾನೂ ಹಾಗೇ ಅಂದ್ಕೊಂಡಿದ್ದೆ, ಪಾದ್ರಿಯಮ್ಮ."

ಆಕೆ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದರು. ಕಳೆದೊಂದು ತಿಂಗಳು ತಮ್ಮ ಯಜಮಾನರು ಸರಿಯಾಗಿ ಊಟ ಮಾಡಿರಲಿಲ್ಲ, ದಿನಾ ಯಾರಿಗೋ ಫೋನು ಮಾಡಿ ಬೇಡಿಕೊಳ್ಳುತ್ತಿದ್ದರು ಎಂದರು. "ಅಷ್ಟೊಂದು ಬೇಡಿದ್ದನ್ನ ನಾನು ಚರ್ಚಲ್ಲೂ ಕಂಡಿಲ್ಲ. 'ನಾನಿರೋ ತನಕವಾದ್ರೂ' ಅಂತಿದ್ರು. ಅದನ್ನೇ ಮತ್ತೆ ಮತ್ತೆ."

"ಅವನಿರೋ ತನಕ ಏನಂತೆ?"

"ಅದನ್ನ ನಾನು ಕೇಳ್ಲಿಲ್ಲ, ಫ್ರೀಡೊ."

ಹೊಸಿಲ ಮೇಲೆ ಪೆಟ್ಟಿಗೆಯನ್ನು ಮೂರು ಸಲ ತಗ್ಗಿಸಿ ಎತ್ತಿದರು, ಸತ್ತವನು ಮನೆಗೆ ವಿದಾಯ ಹೇಳಬೇಕಲ್ಲ. ಒಮ್ಮೆ ಹೊಸಿಲು ದಾಟಿದ ಪೆಟ್ಟಿಗೆಯನ್ನು ಗುಂಡಿ ಮುಟ್ಟುವ ತನಕ ಇಳಿಸುವ ಹಾಗಿಲ್ಲ. ಇಳಿಸಿದ ಜಾಗದಲ್ಲಿ ಇನ್ನೊಂದು ಸಾವು ಕಾದಿರುತ್ತದೆ. ಮುಂದಿದ್ದ ತಲೆಯ ಕಡೆ ಎಡಕ್ಕೆ ಫ್ರೀಡೊ, ಬಲಕ್ಕೆ ಬೇಕರಿಯ ಬೆನ್ನೊ. ಗಂಟೆ ಬಾರಿಸತೊಡಗಿತು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಗಣಿಯ ಗುರುಗುಟ್ಟುವಿಕೆ ಬಂದು ಕೂರುತ್ತಿತ್ತು.

"ಮಂತ್ರಿ ಅಂದ್ಮೇಲೆ ಭಾರ ಇರ್ತಾನೆ ಅಂದ್ಕೊಂಡಿದ್ದೆ," ಎಂದು ಬೆನ್ನೊ ಪಿಸುಗುಟ್ಟಿದ. "ಏನೂ ಇಲ್ವಲ್ಲೋ ಇದ್ರೊಳಗೆ."

ಫ್ರೀಡೊ ಹೆಗಲು ಸರಿಮಾಡಿಕೊಂಡ. ಸ್ಮಶಾನದ ತಿರುವಿನಲ್ಲಿ, ಎಲ್ಲರಿಗಿಂತ ಮುಂದಿದ್ದ ಅವರಿಬ್ಬರಿಗೇ ಮೊದಲು ಕಾಣಿಸಿತು. ಬೀಟ್‌ರೂಟಿನ ಹೊಲದ ಆಚೆ ತುದಿಯಿಂದ, ನೂಲು ಹಿಡಿದಂತೆ ನೇರವಾಗಿ, ತಲೆಗೆ ಕೆಂಪು ಬಳಿದ ಮರದ ಗೂಟಗಳ ಸಾಲು. ಬೇಲಿಯ ಹತ್ತಿರ ಗಣಿಯ ಕಿತ್ತಳೆ ಬಣ್ಣದ ಜಾಕೀಟಿನ ಮೂವರು ಮೂರುಕಾಲಿನ ಅಳತೆಯ ಯಂತ್ರ ನಿಲ್ಲಿಸಿಕೊಂಡಿದ್ದರು. ಸಾಲು ಬೇಲಿಯ ಬಳಿ ನಿಂತಿರಲಿಲ್ಲ. ಒಳಗೆ ಬಂದು, ಫ್ರೀಡೊನ ಅಪ್ಪನ ಕಲ್ಲಿನ ಪಕ್ಕದಲ್ಲೇ ಹಾದು, ಹೊಸದಾಗಿ ತೋಡಿದ ಗುಂಡಿಯ ಕಡೆಗೆ ಮುಖಮಾಡಿತ್ತು.

ಬೆನ್ನೊನ ಹೆಜ್ಜೆ ತಡವರಿಸಿತು. ಪೆಟ್ಟಿಗೆ ವಾಲಿತು. "ಫ್ರೀಡೊ. ಇಳಿಸೋಣ್ವಾ?"

"ನಡಿ."

"ಅವನು ಮಾತು ಕೊಟ್ಟಿದ್ದ."

"ನಡಿ ಬೆನ್ನೊ. ಹಿಂದೆ ಜನ ಇದ್ದಾರೆ."

ಪೆಟ್ಟಿಗೆ ಕಂಡದ್ದೇ ಆ ಮೂವರು ಹೆಲ್ಮೆಟ್ ತೆಗೆದು ತಲೆ ಬಗ್ಗಿಸಿ ನಿಂತರು. ಮರ್ಯಾದಸ್ಥ ಜನ. ಹಗ್ಗ ಇಳಿದು ಮುಗಿಯುವ ತನಕ ಅಲುಗಾಡಲಿಲ್ಲ. ಹೊಸ ಪಾದ್ರಿ ಪ್ರಾರ್ಥನೆ ಹೇಳಿದ, ಜನ ಆಮೆನ್ ಅಂದರು. ಹದಿಮೂರು ವರ್ಷಗಳ ಮೇಲೆ ಫ್ರೀಡೊನ ತುಟಿಯೂ ಅಲುಗಿತು. ಮೂರು ಹಿಡಿ ಮಣ್ಣು ಹಾಕಲು ಅವನು ಬಗ್ಗಿದ. ಗುಂಡಿಯ ಆಚೆ, ಮೂವರಲ್ಲಿ ಹಿರಿಯವನು ಹೆಲ್ಮೆಟನ್ನು ಕಂಕುಳಲ್ಲಿ ಇರಿಸಿಕೊಂಡೇ ಮಂಡಿಯೂರಿದ್ದ. ಸುತ್ತಿಗೆಯನ್ನು ಹುಲ್ಲಿನ ಮೇಲೆ ಮಲಗಿಸಿ, ಸದ್ದಾಗದಂತೆ, ಮುಂದಿನ ಗೂಟವನ್ನು ಎರಡೂ ಅಂಗೈಗಳಿಂದ ಮಣ್ಣಿಗೆ ಒತ್ತುತ್ತಿದ್ದ.