ಇನ್ನ ನಾಕು ಹೆಜ್ಜಿ

"ಸುಡತೀಯೇನು? ನಿಮ್ಮಪ್ಪನ್ನ ಸುಡತೀಯೇನು?"

ನೀಲಾಂಬಿಕಾ ಮಗನ ಕೈಯಲ್ಲಿದ್ದ ಕಾಗದ ಕಿತ್ತುಕೊಂಡಳು. ಇಂಗ್ಲಿಷಿನದು, ಆಕೆಗೆ ಓದಲು ಬಾರದು.

"ಅವ್ವಾ, ಫಾರ್ಮ್‌ನ್ಯಾಗ ಹಿಂದೂ ಅಂತ ಟಿಕ್ ಮಾಡಿದೆ. ಫ್ಯೂನರಲ್ ಕಂಪನಿಯವ್ರು ಇವತ್ತಿಗೇ ಕ್ರಿಮೇಶನ್ ಬುಕ್ ಮಾಡಿಬಿಟ್ಟಾರ. ನಾ ನೋಡಿದ್ದು ನಿನ್ನೆ," ಎಂದ ದರ್ಶನ್.

"ನಮ್ಮ ಮಂದ್ಯಾಗ ಯಾರನ್ನ ಸುಟ್ಟಾರೋ? ಮಣ್ಣಾಗ ಕುಂಡ್ರಿಸಬೇಕು, ಅಂಗೈಯಾಗ ಲಿಂಗ ಇಡಬೇಕು."

"ನಾಳೆಯಿಂದ ಈಸ್ಟರ್ ರಜಾ. ಮಣ್ಣು ಮಾಡೂದಂದ್ರ ಮುಂದಿನ ವಾರ ಅಂತಾರ. ಅಲ್ಲೀತನಾ ಅಪ್ಪನ್ನ ಫ್ರಿಜ್‌ನ್ಯಾಗ ಇಡ್ಲೇನು?"

"ಇಡು. ಅವರು ಬಾಯಿಬಿಟ್ಟು ಕೇಳಿದ್ದು ಅದೊಂದ."

"ಯಾವಾಗ ಕೇಳಿದ್ರು?"

"ಆ ತ್ವಾಟದಾಗ. ನೀ ಕಾರಿನ ಹಂತ್ಯಾಕ ಇದ್ದಿ."

"ತ್ವಾಟದ ಮಾತು ಎತ್ತಬ್ಯಾಡ. ಹಾರ್ಟ್ ಪೇಶಂಟ್‌ನ್ನ ಆ ಗುಡ್ಡ ಹತ್ತಿಸಿದಾಕಿ ಯಾರು?"

ಆಕೆ ಕಾಗದವನ್ನು ಮೇಜಿನ ಮೇಲಿಟ್ಟಳು.

*

ಹೋದ ಭಾನುವಾರ. ಮೆಲ್ಬರ್ನ್ ಆಚೆಯ ಗುಡ್ಡದಲ್ಲಿ ಮುದುಕಿಯೊಬ್ಬಳ ಸ್ವಂತ ತೋಟ. ಏಪ್ರಿಲ್‌ನಲ್ಲಿ ಎಲೆ ಬಣ್ಣ ತಿರುಗಿದಾಗ ಎರಡು ವಾರ ಮಾತ್ರ ಗೇಟು ತೆಗೆಯುತ್ತಿದ್ದಳು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಸುರುವಿದಂತೆ ಇಳಿಜಾರೆಲ್ಲ ಕೆಂಪು. ನಡುನಡುವೆ ಹಳದಿ ಗಿಡಗಳು. ಗಾಳಿ ಬೀಸಿದರೆ ಎಲೆಗಳು ತಲೆಯ ಮೇಲೇ ಉದುರುತ್ತಿದ್ದವು.

ಬಸವಣ್ಣೆಪ್ಪ ಕೆಳಗಿನ ಬೆಂಚಿನಲ್ಲೇ ಕೂತುಬಿಟ್ಟ. ಹಾವೇರಿಯಲ್ಲಿ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವನು, ಹೆಂಡತಿಗೆ ಒಂದು ಊರು ತೋರಿಸಿದವನಲ್ಲ.

"ಮದಿವ್ಯಾದಾಗಿಂದ ಬರೇ ಬಿಳೇ ಹಿಟ್ಟು ತೋರ್ಸೀರಿ. ಇವತ್ತರ ಮ್ಯಾಲೆ ಬರ್ರಿ," ಎಂದಳು ನೀಲಾಂಬಿಕಾ.

ನಗುತ್ತ ಎದ್ದ. ಅರ್ಧ ದಾರಿಗೆ ಉಸಿರು ಹತ್ತಿ ನೆಲಕ್ಕೆ ಕೂತ. ಎಲೆ ಸರಿಸಿ ಒಂದು ಚಿಟಿಕೆ ಮಣ್ಣು ತೆಗೆದು, ಹಿಟ್ಟಿನ ನುಣುಪು ನೋಡುವ ಹಾಗೆ ಬೆರಳಲ್ಲಿ ತಿಕ್ಕಿದ.

"ಭಾಳ ಮೆತ್ತಗೈತಿ. ಇಲ್ಲೇ ಏನರ ಆದ್ರ ನನ್ನ ಸುಡಬ್ಯಾಡ್ರಿ. ಇಂಥಾದ್ರಾಗ ಕುಂಡ್ರಿಸ್ರಿ."

"ಕೆಟ್ಟ ಮಾತು ಸಾಕು. ಏಳ್ರಿ, ಇನ್ನ ನಾಕು ಹೆಜ್ಜಿ."

ನಾಕಲ್ಲ, ಇನ್ನೂ ನೂರು ಮೆಟ್ಟಿಲಿದ್ದವು. ಅಷ್ಟನ್ನೂ ಹತ್ತಿದ. ಮಂಗಳವಾರ ಬೆಳಿಗ್ಗೆ ಅವನು ಹಾಸಿಗೆಯಿಂದ ಏಳಲಿಲ್ಲ.

*

ಚಿತಾಗಾರದ ಹಾಲ್‌ನಲ್ಲಿ ದರ್ಶನ್‌ನ ಗೆಳೆಯರು ಹತ್ತು ಹನ್ನೆರಡು ಮಂದಿ.

"ಅಂಕಲ್ ನಮ್ಮನೆಗೆ ಬಂದಾಗ ಆಟಾ ಪ್ಯಾಕೆಟ್ ಮೂಸಿ ನೋಡಿ, 'ಇದನ್ನ ಬೀಸಿದಾಂವ ನಿದ್ದಿಗಣ್ಣಾಗಿದ್ದ' ಅಂದ್ರು," ಎಂದ ಸಂಪತ್.

ಒಬ್ಬಿಬ್ಬರು ನಕ್ಕರು.

ದರ್ಶನ್ ತಾಯಿಯ ಕೈಗೆ ಒಂದು ಲಕೋಟೆ ಕೊಟ್ಟ. ಒಳಗೆ ಬಸವಣ್ಣೆಪ್ಪನ ಬೆಳ್ಳಿಯ ಕರಡಿಗೆ, ಅದರಲ್ಲಿ ಅವನ ಲಿಂಗ.

"ಬೆಳ್ಳಿ, ಕಲ್ಲು ಒಳಗ ಬಿಡಂಗಿಲ್ಲಂತ," ಎಂದ. ಅವನ ದನಿ ಇಳಿದಿತ್ತು. "ಈಗ ಪೆಟ್ಟಿಗಿ ಒಳಗ ಹೋಗಾಕ ನಾ ಬಟನ್ ಒತ್ತಬೇಕವ್ವಾ. ಬಾಜೂಕ ನಿಂದ್ರು. ಒಬ್ಬನ ಕಡಿಂದ ಆಗೂದಿಲ್ಲ."

ಆಕೆ ಪೆಟ್ಟಿಗೆಯನ್ನು ನೋಡಿದಳು. ಉದ್ದನೆಯ ಪೆಟ್ಟಿಗೆ.

"ಮಲಗಿಸಿಬಿಟ್ಟೀರಿ," ಎಂದು ಎದ್ದಳು.

"ಆಂಟಿ, ರೆಸ್ಟ್‌ರೂಮ್ ಈ ಕಡೆ," ಎಂದು ಸಂಪತ್ ಬಾಗಿಲವರೆಗೆ ಬಂದ. ಆಕೆ ತಿರುಗಲಿಲ್ಲ.

ಹೊರಗೆ ರಸ್ತೆ ಎರಡೂ ಕಡೆ ಒಂದೇ ಥರ ಕಾಣುತ್ತಿತ್ತು. ಮನೆ ಯಾವ ದಿಕ್ಕಿಗೋ ತಿಳಿಯದು. ನೀಲಾಂಬಿಕಾ ಗಂಡನ ಕರಡಿಗೆಯ ದಾರವನ್ನು ಕೊರಳಿಗೆ ಹಾಕಿಕೊಂಡು ನಡೆದಳು. ಸೆರಗಿನೊಳಗೆ ಮೊದಲೇ ಆಕೆಯದೇ ಕರಡಿಗೆ ಇತ್ತು. ಹೆಜ್ಜೆಹೆಜ್ಜೆಗೂ ಎರಡೂ ಒಂದಕ್ಕೊಂದು ಬಡಿದು ಸಣ್ಣಗೆ ಸಪ್ಪಳ ಮಾಡುತ್ತಿದ್ದವು.